ಕೇಳೋಕೆ ಅಧಿಕಾರ ಇತ್ತು, ವಸೂಲಿಗೆ ಇರ್ಲಿಲ್ಲ: ಸಂವಿಧಾನಕ್ಕೆ ಮುಂಚಿನ ಅಮೆರಿಕ ಸರ್ಕಾರದ ಕಥೆ

(ಭಾನುವಾರದ ಮಾತುಕತೆಗೆ ಬರೋಕಾಗದೇ ಇದ್ದವರು ಕೇಳಿದ್ರು ಅಂತ ಅವತ್ತು ಮಾತಾಡಿದ್ದನ್ನ ಟೈಪ್ ಮಾಡಿದೀನಿ. ಮಾತಿನ ಧಾಟಿ ಹಾಗೇ ಇದೆ. ಕೊನೆಗೆ ಸಭಿಕರು ಕೇಳಿದ ಎರಡು ಪ್ರಶ್ನೆನೂ ಸೇರಿಸಿದೀನಿ.)

ಎಲ್ರಿಗೂ ನಮಸ್ಕಾರ. 1782ರ ಏಪ್ರಿಲ್ 8ನೇ ತಾರೀಕು ಅಮೆರಿಕದ ಡೆಲವೇರ್ ಕೊಲ್ಲಿಯಲ್ಲಿ ಒಂದು ಕಾಳಗ ನಡೀತು. ಬ್ರಿಟಿಷರ ಕಡೆ 'ಜನರಲ್ ಮಂಕ್' ಅನ್ನೋ ದೊಡ್ಡ ಹಡಗು, ಅಮೆರಿಕನ್ನರ ಕಡೆ ಅದಕ್ಕಿಂತ ಸಣ್ಣ ತೋಪುಗಳಿದ್ದ ಒಂದು ಹಡಗು. ಆ ಸಣ್ಣ ಹಡಗಿನ ಹೆಸರು 'ಹೈದರ್ ಅಲಿ'. ಹೌದು, ನಮ್ಮ ಶ್ರೀರಂಗಪಟ್ಟಣದ ಹೈದರಾಲಿನೇ. 1780ರಲ್ಲಿ ಕಂಚಿ ಹತ್ತಿರ ಪೊಳ್ಳಿಲೂರಿನಲ್ಲಿ ಅವನ ಸೈನ್ಯ ಇಂಗ್ಲಿಷರನ್ನ ಬಗ್ಗುಬಡಿದಿತ್ತಲ್ಲ, ಇಂಗ್ಲಿಷರ ಜೊತೆ ಕಾದಾಡ್ತಿದ್ದವನ ಹೆಸರು ಅಂತ ಫಿಲಡೆಲ್ಫಿಯಾದವರು ಪ್ರೀತಿಯಿಂದ ಇಟ್ಕೊಂಡಿದ್ರು. ಕ್ಯಾಪ್ಟನ್ ಜೋಶುವಾ ಬಾರ್ನಿಗೆ ಆಗ 22 ವರ್ಷ. ಚುಕ್ಕಾಣಿ ಹಿಡಿದವನಿಗೆ ಅವನು ಮೊದಲೇ ಹೇಳಿಟ್ಟಿದ್ದ, ನಾನು ಏನು ಕೂಗ್ತೀನೋ ಅದರ ಉಲ್ಟಾ ಮಾಡು ಅಂತ. ಎದುರಾಳಿ ಆ ಕೂಗು ಕೇಳಿಸ್ಕೊಂಡು ಅದೇ ಕಡೆ ತಿರುಗಿದ, ಇವರ ತೋಪಿನ ಬಾಯಿಗೆ ಸರಿಯಾಗಿ ಸಿಕ್ಕಿಹಾಕ್ಕೊಂಡ. ಅರ್ಧ ಗಂಟೆ ಒಳಗೆ ಎಲ್ಲಾ ಮುಗೀತು.

ಇದನ್ನ ಮೊದಲು ಯಾಕೆ ಹೇಳ್ದೆ ಅಂದ್ರೆ, ಆ ಹಡಗು ಅಮೆರಿಕದ ಕೇಂದ್ರ ಸರ್ಕಾರದ್ದಲ್ಲ. ಆಗ ಕಾಂಗ್ರೆಸ್ಸು (ರಾಜ್ಯಗಳ ಪ್ರತಿನಿಧಿಗಳು ಕೂರೋ ಸಭೆ, ಅದೇ ಅವರ ಕೇಂದ್ರ ಸರ್ಕಾರ) ಕೂತಿದ್ದ ಊರೇ ಫಿಲಡೆಲ್ಫಿಯಾ, ಆ ಊರಿಗೆ ಹಡಗು ಬರೋ ಬಾಗಿಲೇ ಈ ಕೊಲ್ಲಿ, ಆ ಬಾಗಿಲು ಕಾಯೋಕೆ ಕಾಂಗ್ರೆಸ್ಸಿನ ಹತ್ರ ಹಡಗು ಇರ್ಲಿಲ್ಲ. ಹಾಗಾಗಿ ಊರಿನ ವರ್ತಕರು ದುಡ್ಡು ಹಾಕಿ, ಪೆನ್ಸಿಲ್ವೇನಿಯಾ ರಾಜ್ಯ ಕೈಜೋಡಿಸಿ, ಈ ಹಡಗನ್ನ ಸಜ್ಜು ಮಾಡಿದ್ರು. ದೇಶ ಅಂತ ಹೆಸರು ಇತ್ತು, ಕಾಂಗ್ರೆಸ್ ಇತ್ತು, ರಾಯಭಾರಿಗಳಿದ್ರು, ಆದ್ರೆ ಕೈಯಲ್ಲಿ ಏನೂ ಇರ್ಲಿಲ್ಲ. ಇವತ್ತು ಆ ಸರ್ಕಾರದ ಬಗ್ಗೆ ಮಾತಾಡ್ತೀನಿ.

ನಾವು ಶಾಲೆಯಲ್ಲಿ ಓದಿದ್ದು ಏನು, 1776ರಲ್ಲಿ ಸ್ವಾತಂತ್ರ್ಯ ಘೋಷಣೆ, ಆಮೇಲೆ ವಾಷಿಂಗ್ಟನ್ ಮೊದಲನೇ ಅಧ್ಯಕ್ಷ. ಮಧ್ಯದ ಹದಿಮೂರು ವರ್ಷ ಮಾಯ. ಆ ಹದಿಮೂರು ವರ್ಷದಲ್ಲಿ ಅವರಿಗೆ ಇನ್ನೊಂದು ಸಂವಿಧಾನ ಇತ್ತು, ಆರ್ಟಿಕಲ್ಸ್ ಆಫ್ ಕಾನ್ಫೆಡರೇಷನ್ ಅಂತ, ಒಕ್ಕೂಟದ ಕರಾರು ಅನ್ನಬಹುದು. 1776ರ ಜುಲೈನಲ್ಲಿ ಜಾನ್ ಡಿಕಿನ್ಸನ್ ಅನ್ನೋನು ಕರಡು ಬರೆದ (ಈ ಹೆಸರು ನೆನಪಿಟ್ಕೊಳ್ಳಿ, ಮುಂದೆ ಬರುತ್ತೆ), 1777ರ ನವೆಂಬರ್‌ನಲ್ಲಿ ಕಾಂಗ್ರೆಸ್ ಒಪ್ಪಿತು, ಆದ್ರೆ ಹದಿಮೂರೂ ರಾಜ್ಯ ಸಹಿ ಹಾಕಿ ಜಾರಿಗೆ ಬರೋಷ್ಟರಲ್ಲಿ 1781ರ ಮಾರ್ಚ್ 1 ಆಗಿತ್ತು. ಕೊನೆಗೆ ಒಪ್ಪಿದ್ದು ಮೆರಿಲ್ಯಾಂಡ್. ವರ್ಜೀನಿಯಾದಂಥ ದೊಡ್ಡ ರಾಜ್ಯಗಳು ಪಶ್ಚಿಮದ ಜಮೀನೆಲ್ಲಾ ತಮ್ಮದು ಅಂತಿದ್ವು, ಅದನ್ನ ಬಿಟ್ಟುಕೊಡೋ ತನಕ ನಾವು ಸಹಿ ಹಾಕಲ್ಲ ಅಂತ ಅದು ಪಟ್ಟು ಹಿಡಿದು ಕೂತಿತ್ತು. ಅಂದ್ರೆ ಯುದ್ಧದ ಬಹುಪಾಲು ಈ ಕರಾರೂ ಪೂರ್ತಿ ಜಾರಿ ಇಲ್ಲದೇ ನಡೆದುಹೋಯ್ತು.

ಕರಾರಿನಲ್ಲಿ ಇದ್ದಿದ್ದು ಹೀಗೆ. ಒಂದು ರಾಜ್ಯಕ್ಕೆ ಒಂದು ವೋಟು, ವರ್ಜೀನಿಯಾ ಆದ್ರೂ ಅಷ್ಟೇ, ಅಂಗೈಯಗಲದ ರೋಡ್ ಐಲೆಂಡ್ ಆದ್ರೂ ಅಷ್ಟೇ. ಯುದ್ಧ, ಒಪ್ಪಂದ, ಸಾಲ ಇಂಥ ದೊಡ್ಡ ವಿಷಯಕ್ಕೆ 13ರಲ್ಲಿ 9 ರಾಜ್ಯ ಒಪ್ಪಬೇಕು. ಕರಾರನ್ನೇ ತಿದ್ದಬೇಕು ಅಂದ್ರೆ ಹದಿಮೂರಕ್ಕೆ ಹದಿಮೂರೂ ಒಪ್ಪಬೇಕು. ಕಾರ್ಯಾಂಗ ಅಂತ ಬೇರೆ ಇಲ್ಲ, ಸುಪ್ರೀಂ ಕೋರ್ಟ್ ಇಲ್ಲ, ತೆರಿಗೆ ಹಾಕೋ ಅಧಿಕಾರ ಇಲ್ಲ, ವ್ಯಾಪಾರಕ್ಕೆ ಒಂದೇ ನಿಯಮ ಮಾಡೋ ಅಧಿಕಾರ ಇಲ್ಲ. ಒಬ್ಬ ಪ್ರತಿನಿಧಿ 6 ವರ್ಷದಲ್ಲಿ 3 ವರ್ಷಕ್ಕಿಂತ ಜಾಸ್ತಿ ಇರೋ ಹಾಗಿಲ್ಲ, ಕೆಲಸ ಕಲಿಯೋ ಹೊತ್ತಿಗೆ ಮನೆಗೆ ಹೋಗ್ತಿದ್ದ.

ಇವರೇನು ತಿಳಿಗೇಡಿಗಳಾ ಅಂತ ಕೇಳಬಹುದು. ಖಂಡಿತ ಅಲ್ಲ. ಅವರು ದಂಗೆ ಎದ್ದಿದ್ದೇ ದೂರದಲ್ಲಿ ಕೂತ ಪಾರ್ಲಿಮೆಂಟು ನಮ್ಮನ್ನ ಕೇಳದೇ ತೆರಿಗೆ ಹಾಕುತ್ತೆ ಅಂತ. ಒಬ್ಬ ಯಜಮಾನನನ್ನ ಓಡಿಸೋಕೆ ಮನೆಮಕ್ಕಳನ್ನ ಬಲಿ ಕೊಡ್ತಾ ಇರೋವಾಗ ಇನ್ನೊಬ್ಬ ಯಜಮಾನನನ್ನ ಯಾರು ತಾನೇ ಕೂರಿಸ್ಕೊತಾರೆ. ಆ ಭಯ ನ್ಯಾಯವಾದ ಭಯ, ನಾನು ಅದನ್ನ ಹಗುರವಾಗಿ ನೋಡಲ್ಲ. ಆದ್ರೆ ಆ ಭಯದ ಬೆಲೆ ಯಾರು ಕಟ್ಟಿದ್ರು ಅಂತ ನೋಡಿದ್ರೆ ಕರುಳು ಚುರುಕ್ ಅನ್ನುತ್ತೆ. ಕಾಂಗ್ರೆಸ್ಸಿನಲ್ಲಿ ಕೂತವರು ಕಟ್ಟಲಿಲ್ಲ. ಬರಿಗಾಲಲ್ಲಿ ಹೋರಾಡಿದ ಸಿಪಾಯಿ ಕಟ್ಟಿದ.

ದುಡ್ಡಿಂದ ಶುರು ಮಾಡೋಣ. ತೆರಿಗೆ ಹಾಕೋ ಹಾಗಿಲ್ಲ ಅಂದ್ಮೇಲೆ ಕಾಂಗ್ರೆಸ್ಸಿಗೆ ಆದಾಯ ಎಲ್ಲಿಂದ? ನಮ್ಮೂರ ಜಾತ್ರೆಗೆ ಮನೆಮನೆಗೆ ಹೋಗಿ ವಂತಿಗೆ ಎತ್ತಲ್ವಾ, ಹಾಗೇ ರಾಜ್ಯಗಳ ಹತ್ರ ವಂತಿಗೆ ಕೇಳ್ತಿತ್ತು. ನಿನ್ನ ಪಾಲು ಇಷ್ಟು ಅಂತ ಪತ್ರ ಬರೆಯೋದು, ಕೊಟ್ರೆ ಉಂಟು ಇಲ್ಲಾಂದ್ರೆ ಇಲ್ಲ, ಕೊಡದೇ ಇದ್ದವರನ್ನ ಏನೂ ಮಾಡೋ ಹಾಗಿಲ್ಲ. ಪಾಲನ್ನ ಜಮೀನಿನ ಬೆಲೆ ಮೇಲೆ ಲೆಕ್ಕ ಹಾಕಬೇಕು ಅಂತ ಕರಾರಿನಲ್ಲಿತ್ತು, ಆ ಬೆಲೆಯನ್ನ ಸರಿಯಾಗಿ ಕಟ್ಟೋದೇ ಆಗಲಿಲ್ಲ. 1782ನೇ ಇಸವಿ ಖರ್ಚಿಗೆ ಅಂತ 80 ಲಕ್ಷ ಡಾಲರ್ ಕೇಳಿದ್ರು, 1783 ಹುಟ್ಟೋ ಹೊತ್ತಿಗೆ 5 ಲಕ್ಷ ಕೂಡ ಬಂದಿರ್ಲಿಲ್ಲ. ಅದಕ್ಕೂ ಮುಂಚೆ ನೋಟು ಅಚ್ಚು ಹಾಕಿ ನೋಡಿದ್ರು, 20 ಕೋಟಿ ಡಾಲರ್‌ಗೂ ಹೆಚ್ಚು, 1780ರಲ್ಲಿ ಕಾಂಗ್ರೆಸ್ಸೇ 40 ನೋಟಿಗೆ ಒಂದು ಬೆಳ್ಳಿ ಡಾಲರ್ ಅಂತ ಒಪ್ಕೊಂಡುಬಿಡ್ತು, ಅಲ್ಲಿಗೆ ಆ ನೋಟಿನ ಕಥೆ ಮುಗೀತು.

ಹಣಕಾಸು ನೋಡ್ಕೊತಿದ್ದ ರಾಬರ್ಟ್ ಮಾರಿಸ್ ಮತ್ತೆ ಅವನ ಜೊತೆಗಿದ್ದವರು ಒಂದು ಸಣ್ಣ ದಾರಿ ಹುಡುಕಿದ್ರು. ಹೊರದೇಶದಿಂದ ಬರೋ ಸರಕಿನ ಮೇಲೆ ನೂರಕ್ಕೆ 5ರಷ್ಟು ಸುಂಕ ಕಾಂಗ್ರೆಸ್ಸಿಗೆ ಹೋಗಲಿ, ಅಷ್ಟೇ ಸಾಕು. ಇದಕ್ಕೆ ಹದಿಮೂರೂ ರಾಜ್ಯ ಒಪ್ಪಬೇಕಿತ್ತು. ಹನ್ನೆರಡು ಒಪ್ಪಿದ್ವು. 1782ರ ನವೆಂಬರ್‌ನಲ್ಲಿ ರೋಡ್ ಐಲೆಂಡ್ ಆಗಲ್ಲ ಅಂತು. ಅದು ಆಗಲ್ಲ ಅಂದಿದ್ದೇ ತಡ ವರ್ಜೀನಿಯಾನೂ ಕೊಟ್ಟ ಒಪ್ಪಿಗೆ ವಾಪಸ್ ತಗೊಂಡಿತು. 1783ರಲ್ಲಿ ಅದೇ ಯೋಜನೆಯನ್ನ ಸ್ವಲ್ಪ ತಿದ್ದಿ ಮತ್ತೆ ಕಳಿಸಿದ್ರು, ಈ ಸಲ ಮೂರು ವರ್ಷ ಎಳೆದಾಡಿ 1786ರಲ್ಲಿ ನ್ಯೂಯಾರ್ಕ್ ಕಾಂಗ್ರೆಸ್ ಒಪ್ಪೋಕಾಗದಂಥ ಷರತ್ತು ಹಾಕಿ ಕೆಡಿಸ್ತು, ಯಾಕಂದ್ರೆ ನ್ಯೂಯಾರ್ಕ್ ಬಂದರಿನ ಸುಂಕದಲ್ಲೇ ಆ ರಾಜ್ಯದ ಬೊಕ್ಕಸ ತುಂಬ್ತಿತ್ತು. ಎರಡು ಸಲನೂ ಒಂದೊಂದೇ ರಾಜ್ಯ. ಹದಿಮೂರೂ ಒಪ್ಪಬೇಕು ಅನ್ನೋ ಆ ಒಂದು ಸಾಲೇ ಆ ಸರ್ಕಾರವನ್ನ ಕೊಂದಿದ್ದು ಅಂತ ನನ್ನ ಅಭಿಪ್ರಾಯ, ಮಿಕ್ಕ ದೋಷನೆಲ್ಲಾ ಹೇಗೋ ತಿದ್ಕೋಬಹುದಿತ್ತು.

ಈಗ ಸಿಪಾಯಿ ವಿಷಯಕ್ಕೆ ಬರ್ತೀನಿ. ಸಾಮಾನ್ಯ ಸಿಪಾಯಿಗೆ ಸಂಬಳ ತಿಂಗಳಿಗೆ 6 ಡಾಲರ್ ಚಿಲ್ಲರೆ. ಅದೂ ತಿಂಗಳುಗಟ್ಟಲೆ ಬಾಕಿ. 1783ರ ಮಾರ್ಚ್‌ನಲ್ಲಿ ನ್ಯೂಬರ್ಗ್ ಅನ್ನೋ ಊರಲ್ಲಿ ಬಿಡಾರ ಹೂಡಿದ್ದ ಅಧಿಕಾರಿಗಳೇ ಸಿಡಿದೇಳೋ ಹಂತಕ್ಕೆ ಬಂದಿದ್ರು. ವಾಷಿಂಗ್ಟನ್ ಖುದ್ದಾಗಿ ಹೋಗಿ ಭಾಷಣ ಮಾಡಿದ, ಅವರು ಕರಗಲಿಲ್ಲ, ಆಮೇಲೆ ಒಂದು ಕಾಗದ ಓದೋಕೆ ಜೇಬಿಂದ ಕನ್ನಡಕ ತೆಗೆದ, ನಿಮ್ಮ ಸೇವೆಯಲ್ಲಿ ನನ್ನ ತಲೆ ನೆರೀತು, ಈಗ ಕಣ್ಣೂ ಮಂಜಾಗ್ತಿದೆ ಅನ್ನೋ ಅರ್ಥದ ಮಾತಾಡಿದ, ಯುದ್ಧ ಕಂಡ ಗಂಡಸರು ಅಲ್ಲೇ ಅತ್ತುಬಿಟ್ರು. ಒಂದು ದೇಶದ ಭವಿಷ್ಯ ಒಬ್ಬ ಮನುಷ್ಯನ ಕನ್ನಡಕದ ಮೇಲೆ ನಿಂತಿತ್ತು ಅನ್ನೋದು ಕೇಳೋಕೆ ಚೆಂದ, ಆದ್ರೆ ಯೋಚನೆ ಮಾಡಿದ್ರೆ ಭಯ ಆಗುತ್ತೆ.

ಅದೇ ವರ್ಷ ಜೂನ್ 21. ಸುಮಾರು 400 ಸಿಪಾಯಿಗಳು ಬಂದೂಕಿಗೆ ಬಯೊನೆಟ್ ಸಿಕ್ಕಿಸ್ಕೊಂಡು ಫಿಲಡೆಲ್ಫಿಯಾದ ಸ್ಟೇಟ್ ಹೌಸ್ ಸುತ್ತ ನಿಂತ್ರು. ಸ್ವಾತಂತ್ರ್ಯ ಘೋಷಣೆ ಆಗಿತ್ತಲ್ಲ, ಅದೇ ಕಟ್ಟಡ. ಬಾಕಿ ಸಂಬಳ ಕೊಡಿ, ಆಮೇಲೆ ಮನೆಗೆ ಹೋಗ್ತೀವಿ ಅನ್ನೋದು ಬೇಡಿಕೆ. ಒಳಗೆ ಕಾಂಗ್ರೆಸ್ಸಿನವರು. ಅವರ ಕೈಕೆಳಗೆ ಅಲ್ಲಿ ಪೊಲೀಸ್ ಇಲ್ಲ, ಪಡೆ ಇಲ್ಲ, ಇದ್ದ ಸಿಪಾಯಿಗಳೇ ಹೊರಗೆ ಸುತ್ತುವರಿದಿರೋರು. ಪೆನ್ಸಿಲ್ವೇನಿಯಾ ರಾಜ್ಯದ ಹತ್ರ ನಿಮ್ಮ ಮಿಲಿಶಿಯಾ, ಅಂದ್ರೆ ಊರವರದ್ದೇ ಪಡೆ, ಕರೆಸಿ ಅಂತ ಅಂಗಲಾಚಿದ್ರು. ರಾಜ್ಯದ ಮುಖ್ಯಸ್ಥ ಒಪ್ಪಲಿಲ್ಲ, ಕರೆದ್ರೂ ಬರ್ತಾರೋ ಇಲ್ವೋ ಅನ್ನೋ ಅನುಮಾನ ಅವನಿಗೆ. ಆ ಮುಖ್ಯಸ್ಥ ಯಾರು ಗೊತ್ತಾ? ಜಾನ್ ಡಿಕಿನ್ಸನ್. ಒಕ್ಕೂಟದ ಕರಾರಿನ ಮೊದಲ ಕರಡು ಬರೆದ ಅದೇ ವ್ಯಕ್ತಿ. ಸಂಜೆ ಹೊತ್ತಿಗೆ ಕಾಂಗ್ರೆಸ್ಸಿನವರು ಆ ಸಿಪಾಯಿಗಳ ಮಧ್ಯೆನೇ ನಡ್ಕೊಂಡು ಹೊರಗೆ ಬಂದ್ರು, ಯಾರೂ ಕೈ ಮಾಡಲಿಲ್ಲ, ಆದ್ರೆ ಆ ಊರಲ್ಲಿ ಇನ್ನು ಇರೋಕಾಗಲ್ಲ ಅಂತ ಪ್ರಿನ್ಸ್‌ಟನ್‌ಗೆ ಹೋದ್ರು. ಅಲ್ಲಿಂದ ಅನಾಪೊಲಿಸ್, ಅಲ್ಲಿಂದ ಟ್ರೆಂಟನ್, ಅಲ್ಲಿಂದ 1785ರಲ್ಲಿ ನ್ಯೂಯಾರ್ಕ್. ಒಂದು ದೇಶದ ಸರ್ಕಾರ ಗಂಟುಮೂಟೆ ಕಟ್ಕೊಂಡು ಊರೂರು ಅಲೀತು.

ಅನಾಪೊಲಿಸ್‌ನಲ್ಲಿ ನಡೆದಿದ್ದು ಇನ್ನೂ ಸಂಕಟದ್ದು. 1783ರ ಸೆಪ್ಟೆಂಬರ್ 3ರಂದು ಪ್ಯಾರಿಸ್‌ನಲ್ಲಿ ಬ್ರಿಟನ್ ಜೊತೆ ಶಾಂತಿ ಒಪ್ಪಂದಕ್ಕೆ ಸಹಿ ಬಿತ್ತು. (ಈ ಶಾಂತಿಯ ಸುದ್ದಿ ಸಹಿಗೂ ಮುಂಚೆನೇ ನಮ್ಮ ಕಡೆ ಕಡಲೂರಿಗೆ ಬಂದಿತ್ತು, ಬಂದ ತಕ್ಷಣ ಫ್ರೆಂಚರು ಟಿಪ್ಪು ಜೊತೆ ಕೈಬಿಟ್ಟು ಇಂಗ್ಲಿಷರ ಮೇಲಿನ ಯುದ್ಧ ನಿಲ್ಲಿಸಿದ್ರು, ಅದರ ಪೆಟ್ಟು ಮಂಗಳೂರು ಮುತ್ತಿಗೆ ಹಾಕಿದ್ದ ಟಿಪ್ಪುಗೆ ಬಿತ್ತು.) ಒಪ್ಪಂದದಲ್ಲಿ ಒಂದು ಷರತ್ತು, ಆರು ತಿಂಗಳೊಳಗೆ ಎರಡೂ ದೇಶ ಅಂಗೀಕರಿಸಿ ಪತ್ರ ವಿನಿಮಯ ಮಾಡ್ಕೋಬೇಕು. ಗಡುವು 1784ರ ಮಾರ್ಚ್ 3. ಅಟ್ಲಾಂಟಿಕ್ ದಾಟೋಕೆ ಚಳಿಗಾಲದಲ್ಲಿ ಎರಡು ತಿಂಗಳಾದ್ರೂ ಬೇಕು. ಅಂಗೀಕಾರಕ್ಕೆ 9 ರಾಜ್ಯ ಬೇಕು, ಒಂದೊಂದು ರಾಜ್ಯದಿಂದ ಕನಿಷ್ಠ ಇಬ್ಬರು ಪ್ರತಿನಿಧಿ ಇದ್ರೇನೇ ಆ ರಾಜ್ಯದ ವೋಟು ಲೆಕ್ಕ. ಡಿಸೆಂಬರ್ ಕಳೀತಾ ಬಂದ್ರೂ ಬಂದಿದ್ದು ಏಳೇ ರಾಜ್ಯ. ಡಿಸೆಂಬರ್ 23ರಂದು ವಾಷಿಂಗ್ಟನ್ ಬಂದು ಸೇನಾಪತಿ ಹುದ್ದೆಗೆ ರಾಜೀನಾಮೆ ಕೊಟ್ಟನಲ್ಲ, ಗ್ಯಾಲರಿ ತುಂಬಾ ಜನ, ಎಲ್ಲರ ಕಣ್ಣಲ್ಲಿ ನೀರು, ಆದ್ರೆ ರಾಜೀನಾಮೆ ತಗೊಳ್ಳೋಕೆ ಕೂತ ಪ್ರತಿನಿಧಿಗಳು ಸುಮಾರು ಇಪ್ಪತ್ತು ಜನ ಅಷ್ಟೇ.

ಜೆಫರ್ಸನ್ ಆಗ ವರ್ಜೀನಿಯಾ ಪ್ರತಿನಿಧಿ. ಏಳು ರಾಜ್ಯದಿಂದಲೇ ಅಂಗೀಕಾರ ಮಾಡಿ ಕಳಿಸಿಬಿಡೋಣ ಅಂತ ಕೆಲವರು ವಾದಿಸಿದ್ರೆ ಅವನು ಬೇಡವೇ ಬೇಡ ಅಂದ. ದಕ್ಷಿಣ ಕೆರೊಲಿನಾದ ಬೆರೆಸ್‌ಫರ್ಡ್ ಅನ್ನೋ ಪ್ರತಿನಿಧಿ ಹುಷಾರಿಲ್ಲದೇ ಫಿಲಡೆಲ್ಫಿಯಾದಲ್ಲಿ ಮಲಗಿದ್ದ, ಬೇರೆ ದಾರಿ ಕಾಣದೇ ನಾವೇ ಹೋಗಿ ಅವನ ಹಾಸಿಗೆ ಪಕ್ಕದಲ್ಲೇ ಸಭೆ ಸೇರೋಣ ಅನ್ನೋ ಮಾತೂ ಬಂತು. ಎಂಟು ವರ್ಷ ಹೋರಾಡಿ ಗೆದ್ದ ಸ್ವಾತಂತ್ರ್ಯದ ಪತ್ರಕ್ಕೆ ಒಪ್ಪಿಗೆ ಹಾಕೋಕೆ ಕೋರಂ ಇಲ್ಲ! ಕೊನೆಗೆ ಕನೆಕ್ಟಿಕಟ್‌ನವರು ಬಂದ್ರು, ಬೆರೆಸ್‌ಫರ್ಡ್ ಹಾಸಿಗೆಯಿಂದ ಎದ್ದು ಬಂದ, ಜನವರಿ 14ಕ್ಕೆ ಸರಿಯಾಗಿ ಒಂಬತ್ತು ರಾಜ್ಯ ಆಯ್ತು. ಪತ್ರ ಪ್ಯಾರಿಸ್ ಮುಟ್ಟೋ ಹೊತ್ತಿಗೆ ಗಡುವು ದಾಟಿತ್ತು, ಬ್ರಿಟಿಷರು ಅದನ್ನ ದೊಡ್ಡದು ಮಾಡಲಿಲ್ಲ, ಬದುಕಿದ್ರು.

ಒಪ್ಪಂದ ಆಯ್ತು, ಆದ್ರೆ ಅದನ್ನ ಪಾಲಿಸೋಕೆ ಸ್ವಂತ ರಾಜ್ಯಗಳನ್ನೇ ಒಪ್ಪಿಸೋಕೆ ಆಗಲಿಲ್ಲ. ಬ್ರಿಟಿಷ್ ವರ್ತಕರಿಗೆ ಕೊಡಬೇಕಾದ ಹಳೇ ಸಾಲಕ್ಕೆ ಅಡ್ಡಿ ಮಾಡಬಾರದು ಅಂತಿತ್ತು, ರಾಜ್ಯಗಳು ಅಡ್ಡಿ ಮಾಡಿದ್ವು. ಅದನ್ನೇ ನೆಪ ಮಾಡ್ಕೊಂಡು ಬ್ರಿಟಿಷರು ಡೆಟ್ರಾಯಿಟ್, ನಯಾಗರ, ಆಸ್ವೀಗೋ ಕೋಟೆಗಳನ್ನ ಬಿಡಲೇ ಇಲ್ಲ, 1796ರವರೆಗೆ ಅಲ್ಲೇ ಕೂತ್ರು. ಅವರನ್ನ ಎಬ್ಬಿಸೋಕೆ ಸೈನ್ಯ ಎಲ್ಲಿದೆ? 1784ರ ಜೂನ್‌ನಲ್ಲಿ ಕಾಂಗ್ರೆಸ್ ಸೈನ್ಯವನ್ನ 80 ಜನಕ್ಕೆ ಇಳಿಸಿತ್ತು, ಫೋರ್ಟ್ ಪಿಟ್‌ನಲ್ಲಿ 25, ವೆಸ್ಟ್ ಪಾಯಿಂಟ್‌ನಲ್ಲಿ 55, ಮದ್ದುಗುಂಡಿನ ಉಗ್ರಾಣ ಕಾಯೋಕೆ. ಮಿಸಿಸಿಪ್ಪಿ ನದಿಯಲ್ಲಿ ಅಮೆರಿಕನ್ನರ ದೋಣಿ ಓಡಾಡೋದನ್ನ 1784ರಲ್ಲಿ ಸ್ಪೇನ್ ಮುಚ್ಚಿಬಿಡ್ತು. ಜಾನ್ ಆಡಮ್ಸ್ ಲಂಡನ್ನಿನಲ್ಲಿ ರಾಯಭಾರಿ ಆಗಿ ಮೂರು ವರ್ಷ ಬಾಗಿಲು ತಟ್ಟಿದ್ರೂ ಒಂದು ವ್ಯಾಪಾರ ಒಪ್ಪಂದ ಹುಟ್ಟಲಿಲ್ಲ. ಫ್ರಾನ್ಸ್ ಕೊಟ್ಟ ಸಾಲದ ಬಡ್ಡಿ ಕಟ್ಟೋದೂ 1785ರಲ್ಲಿ ನಿಂತುಹೋಯ್ತು.

ಇದರಲ್ಲಿ ನನಗೆ ತುಂಬಾ ಕಾಡೋದು ಉತ್ತರ ಆಫ್ರಿಕಾದ ಅಲ್ಜೀರ್ಸ್‌ನ ಸಂಗತಿ. 1785ರಲ್ಲಿ ಮರಿಯಾ, ಡಾಫಿನ್ ಅನ್ನೋ ಎರಡು ವ್ಯಾಪಾರಿ ಹಡಗನ್ನ ಅಲ್ಜೀರ್ಸಿನವರು ಹಿಡಿದ್ರು, 21 ಜನ ಗುಲಾಮರಾದ್ರು. ಮುಂಚೆ ಬ್ರಿಟಿಷ್ ಬಾವುಟ ಇದ್ದಾಗ ಆ ನೌಕಾಪಡೆಯ ರಕ್ಷಣೆ ಇತ್ತು, ಈಗ ಇಲ್ಲ, ಕಾಂಗ್ರೆಸ್ಸಿನ ಕೊನೇ ಯುದ್ಧನೌಕೆ 'ಅಲಯನ್ಸ್' ಕೂಡ ಅದೇ ವರ್ಷ ಮಾರಾಟ ಆಗಿತ್ತು. ಬಿಡಿಸ್ಕೊಳ್ಳೋಕೆ ಅಲ್ಜೀರ್ಸ್ ಕೇಳಿದ್ದು ಸುಮಾರು 60 ಸಾವಿರ ಡಾಲರ್, ಕಾಂಗ್ರೆಸ್ ಕೊಡೋಕಾಗಿದ್ದು ತಲೆಗೆ 200. ಕೆಲವರು ಪ್ಲೇಗ್ ಬಂದು ಅಲ್ಲೇ ಸತ್ರು. ಉಳಿದವರಲ್ಲಿ ಹೆಚ್ಚಿನವರು ಬಿಡುಗಡೆ ಆಗಿದ್ದು 1796ರಲ್ಲಿ, ಹೊಸ ಸಂವಿಧಾನ ಬಂದು ಎಷ್ಟೋ ವರ್ಷ ಆದ್ಮೇಲೆ. ಹನ್ನೊಂದು ವರ್ಷ ಸ್ವಾಮಿ.

ರಾಜ್ಯ ರಾಜ್ಯಗಳ ನಡುವೆ ವ್ಯಾಪಾರದ ಕಿತ್ತಾಟನೂ ಇತ್ತು. ನ್ಯೂಜೆರ್ಸಿಯಿಂದ ತರಕಾರಿ, ಕನೆಕ್ಟಿಕಟ್‌ನಿಂದ ಸೌದೆ ತರೋ ದೋಣಿಗೆ ನ್ಯೂಯಾರ್ಕ್ ಶುಲ್ಕ ಹಾಕ್ತು, ಸ್ಯಾಂಡಿ ಹುಕ್‌ನಲ್ಲಿ ನ್ಯೂಯಾರ್ಕಿನವರ ದೀಪಸ್ತಂಭ ನ್ಯೂಜೆರ್ಸಿ ನೆಲದಲ್ಲಿತ್ತು, ನ್ಯೂಜೆರ್ಸಿಯವರು ಅದರ ಮೇಲೆ ತೆರಿಗೆ ಜಡಿದ್ರು. ಇದನ್ನ ಹಳೇ ಪುಸ್ತಕಗಳು ತುಂಬಾ ಉಬ್ಬಿಸಿವೆ, ಎಷ್ಟೋ ರಾಜ್ಯಗಳು ಒಬ್ಬರ ಸರಕಿಗೆ ಇನ್ನೊಬ್ಬರು ವಿನಾಯಿತಿ ಕೊಟ್ಟಿದ್ದೂ ಇದೆ, ಹಾಗಾಗಿ ಇಲ್ಲಿ ಜಾಸ್ತಿ ನಿಲ್ಲಲ್ಲ.

ನಿಲ್ಲಬೇಕಾಗಿರೋದು ಮ್ಯಾಸಚೂಸೆಟ್ಸ್‌ನಲ್ಲಿ. ಯುದ್ಧ ಮುಗಿದು ಸಿಪಾಯಿಗಳು ಮನೆಗೆ ಹೋದಾಗ ಕೈಗೆ ಸಿಕ್ಕಿದ್ದು ದುಡ್ಡಲ್ಲ, ಮುಂದೆ ಕೊಡ್ತೀವಿ ಅಂತ ಬರೆದ ಸರ್ಟಿಫಿಕೇಟು. ಮನೇಲಿ ಉಳುಮೆ ನಿಂತಿದೆ, ಅಂಗಡಿ ಸಾಲ ಬೆಳೆದಿದೆ, ಆ ಚೀಟಿ ಇಟ್ಕೊಂಡು ಎಷ್ಟು ದಿನ ಕಾಯ್ತಾರೆ? ಮುಖಬೆಲೆಯ ಒಂದು ಸಣ್ಣ ಪಾಲಿಗೆ, ಕೆಲವು ಕಡೆ ಎಂಟನೇ ಒಂದು ಭಾಗಕ್ಕೂ, ಮಾರಿಕೊಂಡ್ರು. ಕೊಂಡವರು ಪೇಟೆಯ ದುಡ್ಡಿನ ಜನ. ಮ್ಯಾಸಚೂಸೆಟ್ಸ್ ರಾಜ್ಯ ಕೂಡ ಯುದ್ಧಕ್ಕೆ ಅಂತ ತಾನೇ ಚೀಟಿ ಕೊಟ್ಟು ಸಾಲ ಮಾಡಿತ್ತು, ಅವೂ ಬಹುಪಾಲು ಅದೇ ಪೇಟೆ ಜನರ ಪೆಟ್ಟಿಗೆ ಸೇರಿದ್ವು. ಆಮೇಲೆ ಆ ರಾಜ್ಯ ಏನು ಮಾಡ್ತು, ತನ್ನ ಸಾಲವನ್ನ ಪೂರ್ತಿ ಮುಖಬೆಲೆಗೆ ಬಡ್ಡಿ ಸಮೇತ ತೀರಿಸ್ತೀನಿ ಅಂತ ಹೊರಟು ಜಮೀನಿನ ಮೇಲೆ, ತಲೆ ಮೇಲೆ ಭಾರೀ ತೆರಿಗೆ ಹಾಕ್ತು. 1786ರ ತೆರಿಗೆಯಲ್ಲಿ ಕಾಂಗ್ರೆಸ್ಸಿಗೆ ಕಟ್ಟಬೇಕಾದ ವಂತಿಗೆನೂ ಸೇರಿತ್ತು. ಬೆಳ್ಳಿ ಬಂಗಾರದ ನಾಣ್ಯದಲ್ಲಿ ಕಟ್ಟಿ ಅಂದ್ರೆ ಒಳನಾಡಿನ ರೈತನ ಹತ್ರ ನಾಣ್ಯ ಎಲ್ಲಿರುತ್ತೆ? ಅಂದ್ರೆ ನೋಡಿ, ಸಂಬಳ ಸಿಗದ ಸಿಪಾಯಿ ತನ್ನ ಚೀಟಿನ ಕವಡೆ ಕಾಸಿಗೆ ಮಾರಿದ, ಅಂಥ ಚೀಟಿ ಕೊಂಡವರಿಗೆ ಲಾಭ ಕೊಡೋಕೆ ಈಗ ಅವನೇ ತೆರಿಗೆ ಕಟ್ಟಬೇಕು, ಕಟ್ಟದಿದ್ರೆ ಎತ್ತು ಹರಾಜು, ಜಮೀನು ಹರಾಜು, ಸಾಲಗಾರರ ಜೈಲು.

1786ರ ಆಗಸ್ಟ್ 29ಕ್ಕೆ ನಾರ್ಥಾಂಪ್ಟನ್ ಊರಿನ ಕೋರ್ಟ್ ಮುಂದೆ ನೂರಾರು ರೈತರು ನಿಂತ್ರು, ಕೋರ್ಟ್ ನಡೆಯೋಕೆ ಬಿಡಲಿಲ್ಲ. ಕೋರ್ಟ್ ನಡೆದ್ರೆ ತಾನೇ ಹರಾಜು. ಅವರ ಮುಂದಾಳುಗಳಲ್ಲಿ ಒಬ್ಬ ಡೇನಿಯಲ್ ಶೇಸ್, ಪೆಲಮ್ ಊರಿನ ರೈತ, ಯುದ್ಧದಲ್ಲಿ ಕ್ಯಾಪ್ಟನ್ ಆಗಿದ್ದವನು. ಅಮೆರಿಕನ್ನರ ಪರ ಹೋರಾಡಿದ ಫ್ರೆಂಚ್ ಸೇನಾನಿ ಲಫಾಯೆಟ್ ಅವನಿಗೆ ಒಂದು ಖಡ್ಗ ಕೊಟ್ಟಿದ್ದ, ಬಡತನಕ್ಕೆ ಅದನ್ನೇ ಮಾರಿಕೊಂಡಿದ್ದ.

ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಕಾಂಗ್ರೆಸ್ಸಿನ ಆಯುಧಾಗಾರ ಇತ್ತು, ಸಾವಿರಾರು ಬಂದೂಕು. ಅದನ್ನ ಕಾಯೋಕೆ ಸೈನ್ಯ ಬೇಕು ಅಂತ ಅಕ್ಟೋಬರ್‌ನಲ್ಲಿ ಕಾಂಗ್ರೆಸ್ 1,340 ಸೈನಿಕರನ್ನ ಸೇರಿಸ್ಕೊಳ್ಳೋ ನಿರ್ಣಯ ಮಾಡ್ತು, ಓಹಾಯೋ ಕಡೆ ಮೂಲನಿವಾಸಿಗಳ ಭಯ ಅಂತ ನೆಪ ಹೇಳಿ. ರಾಜ್ಯಗಳಿಗೆ 5 ಲಕ್ಷ 30 ಸಾವಿರ ಡಾಲರ್ ವಂತಿಗೆ ಕೇಳ್ತು. ಕೊಡ್ತೀನಿ ಅಂದಿದ್ದು ವರ್ಜೀನಿಯಾ ಒಂದೇ. ಕೊನೆಗೆ ಗವರ್ನರ್ ಬೋಡನ್ ಬಾಸ್ಟನ್ನಿನ ನೂರಕ್ಕೂ ಹೆಚ್ಚು ವರ್ತಕರಿಂದ ದುಡ್ಡು ಎತ್ತಿ ಬೆಂಜಮಿನ್ ಲಿಂಕನ್ ಕೈಕೆಳಗೆ ಪಡೆ ಕಟ್ಟಿಸಿದ. ಸ್ಪ್ರಿಂಗ್‌ಫೀಲ್ಡ್ ಕಾಯ್ತಿದ್ದ ರಾಜ್ಯದ ಜನರಲ್ ಶೆಪರ್ಡ್ ಆಯುಧಾಗಾರದ ಬಂದೂಕು ಬಳಸೋಕೆ ಅನುಮತಿ ಕೇಳಿದ್ರೆ, ಯುದ್ಧ ಖಾತೆಯ ಹೆನ್ರಿ ನಾಕ್ಸ್‌ಗೆ ಹೂಂ ಅನ್ನೋ ಅಧಿಕಾರನೇ ಇರ್ಲಿಲ್ಲ. ಶೆಪರ್ಡ್ ಕೇಳದೇನೇ ತಗೊಂಡ. 1787ರ ಜನವರಿ 25ಕ್ಕೆ ಹಿಮದಲ್ಲಿ ಶೇಸ್ ಕಡೆಯವರು ಬಂದ್ರು, ತೋಪು ಮೊದಲು ತಲೆ ಮೇಲೆ ಹಾರಿಸಿದ್ರು, ಆಮೇಲೆ ನೇರ ಗುಂಪಿಗೇ. ನಾಲ್ವರು ಸತ್ರು. ಅಲ್ಲಿ ಎರಡೂ ಕಡೆ ನಿಂತವರಲ್ಲಿ ಬೇಕಾದಷ್ಟು ಜನ ಕೆಲವೇ ವರ್ಷದ ಹಿಂದೆ ಒಂದೇ ಸೈನ್ಯದಲ್ಲಿ ಹೋರಾಡಿದವರು. ಶೇಸ್ ದಂಗೆಯನ್ನ ಬರೀ ಕಾನೂನು ಸುವ್ಯವಸ್ಥೆ ಹಾಳಾದ ಕಥೆಯಾಗಿ ಹೇಳೋದು ನನಗೆ ಒಪ್ಪಿಗೆ ಇಲ್ಲ. ಅವರ ಬೇಡಿಕೆಯಲ್ಲಿ ನ್ಯಾಯ ಇತ್ತು, ಅದನ್ನ ಬಗೆಹರಿಸೋ ಶಕ್ತಿನೂ ಕಾಂಗ್ರೆಸ್ಸಿಗೆ ಇರ್ಲಿಲ್ಲ, ತಡೆಯೋ ಶಕ್ತಿನೂ ಇರ್ಲಿಲ್ಲ.

ಆ ಕಾಂಗ್ರೆಸ್ ಏನೂ ಮಾಡಲೇ ಇಲ್ಲ ಅಂದ್ರೆ ತಪ್ಪಾಗುತ್ತೆ. ರಾಜ್ಯಗಳು ಪಶ್ಚಿಮದ ಜಮೀನು ಬಿಟ್ಟುಕೊಟ್ಟ ಮೇಲೆ ಅದೊಂದು ಸ್ವಂತ ಆಸ್ತಿ ಆಯ್ತು. 1785ರ ಕಾಯ್ದೆಯಲ್ಲಿ ಆರು ಮೈಲಿ ಚೌಕದ ಟೌನ್‌ಶಿಪ್, ಅದರಲ್ಲಿ 36 ಭಾಗ, 16ನೇ ಭಾಗ ಶಾಲೆಗೆ ಮೀಸಲು. 1787ರ ಜುಲೈ 13ರ ಕಾಯ್ದೆಯಲ್ಲಿ ಓಹಾಯೋ ನದಿ ಉತ್ತರಕ್ಕೆ ಗುಲಾಮಗಿರಿ ನಿಷೇಧ, ಹೊಸ ರಾಜ್ಯಗಳಿಗೆ ಹಳೇ ರಾಜ್ಯಗಳಷ್ಟೇ ಸಮಾನ ಸ್ಥಾನ. ದೊಡ್ಡ ಕೆಲಸ. ಆದ್ರೆ ಆ ನೆಲದಲ್ಲಿ ಶಾನಿ, ಮಯಾಮಿ, ಡೆಲವೇರ್ ಅನ್ನೋ ಮೂಲನಿವಾಸಿ ಜನ ಬದುಕ್ತಿದ್ರು, ಅವರನ್ನ ಯಾರೂ ಕೇಳಿ ಅಳತೆ ಮಾಡಲಿಲ್ಲ. ಇದನ್ನ ಬಿಟ್ಟು ಆ ಕಾಯ್ದೆಯನ್ನ ಹೊಗಳೋಕೆ ನನಗೆ ಮನಸ್ಸು ಬರಲ್ಲ.

ಮುಂದಿನದ್ದು ನಿಮಗೆ ಗೊತ್ತಿರೋದೇ. 1786ರ ಸೆಪ್ಟೆಂಬರ್‌ನಲ್ಲಿ ಅನಾಪೊಲಿಸ್ ಸಭೆಗೆ ಐದೇ ರಾಜ್ಯದಿಂದ 12 ಜನ ಬಂದ್ರು, ಹ್ಯಾಮಿಲ್ಟನ್, ಮ್ಯಾಡಿಸನ್ ಅಲ್ಲಿದ್ರು, ಫಿಲಡೆಲ್ಫಿಯಾದಲ್ಲಿ ದೊಡ್ಡ ಸಭೆ ಕರೀರಿ ಅಂತ ಪತ್ರ ಬರೆದು ಎದ್ದರು. ಆಮೇಲೆ ಶೇಸ್ ದಂಗೆಯ ಸುದ್ದಿ ಕೇಳಿ, ಬರೋದೋ ಬೇಡವೋ ಅಂತಿದ್ದ ವಾಷಿಂಗ್ಟನ್ ಕೂಡ ಬಂದ. 1787ರ ಮೇ 25ರಿಂದ ಸೆಪ್ಟೆಂಬರ್ 17ರವರೆಗೆ ಫಿಲಡೆಲ್ಫಿಯಾದಲ್ಲಿ ಆ ಸಭೆ ಕೂತು ಹೊಸ ಸಂವಿಧಾನ ಬರೀತು. ಹೊಸ ಸಂವಿಧಾನದಲ್ಲಿ ಏನೇನೋ ಬದಲಾಯ್ತು, ಆದ್ರೆ ಅದರ ಬುಡದಲ್ಲಿರೋದು ಒಂದೇ. ಹಳೇ ಕಾಂಗ್ರೆಸ್ ರಾಜ್ಯಗಳ ಜೊತೆ ಮಾತಾಡ್ತಿತ್ತು, ರಾಜ್ಯ ಕೇಳದಿದ್ರೆ ಯುದ್ಧ ಮಾಡೋದು ಬಿಟ್ಟು ಬೇರೆ ದಾರಿ ಇರ್ಲಿಲ್ಲ. ಹೊಸ ಸರ್ಕಾರ ನೇರವಾಗಿ ಮನುಷ್ಯರ ಜೊತೆ ವ್ಯವಹರಿಸಿತು, ಸುಂಕ ತಾನೇ ವಸೂಲಿ ಮಾಡ್ತು, ಕೊಡದವನನ್ನ ತನ್ನ ಕೋರ್ಟಿಗೇ ಎಳೀತು.

ಪ್ರಶ್ನೆ: ಆ ಸಿಪಾಯಿಗಳ ಸರ್ಟಿಫಿಕೇಟ್ ಏನಾಯ್ತು, ಶೇಸ್ ಏನಾದ?

1790ರಲ್ಲಿ ಹೊಸ ಸರ್ಕಾರದ ಹಣಕಾಸು ನೋಡ್ಕೊತಿದ್ದ ಹ್ಯಾಮಿಲ್ಟನ್ ಯೋಜನೆ ಪ್ರಕಾರ ಪೂರ್ತಿ ಬೆಲೆ ಲೆಕ್ಕದಲ್ಲಿ ಹೊಸ ಬಾಂಡ್ ಕೊಟ್ರು, ಆದ್ರೆ ಆಗ ಯಾರ ಕೈಯಲ್ಲಿ ಚೀಟಿ ಇತ್ತೋ ಅವರಿಗೆ. ಮೂಲ ಸಿಪಾಯಿಗೂ ಒಂದು ಪಾಲು ಕೊಡಿ ಅಂತ ಮ್ಯಾಡಿಸನ್ ವಾದ ಮಾಡಿದ, ಸೋತ. ಯಾರ ಯಾರ ಚೀಟಿ ಅಂತ ಪತ್ತೆ ಹಚ್ಚೋದು ಕಷ್ಟ ಅನ್ನೋ ವಾದದಲ್ಲಿ ಹುರುಳಿದೆ ಅಂತ ಒಪ್ತೀನಿ, ಆದ್ರೂ ಮ್ಯಾಡಿಸನ್ ಹೇಳಿದ್ದೇ ಧರ್ಮ ಅಂತ ನನಗನ್ಸುತ್ತೆ. ಶೇಸ್ ವರ್ಮಾಂಟ್‌ಗೆ ಓಡಿಹೋಗಿದ್ದ, 1788ರಲ್ಲಿ ಕ್ಷಮಾದಾನ ಸಿಕ್ತು. ಮುಂದೆ ಹಳೇ ಯುದ್ಧದ ಸೇವೆಗೆ ಅಂತ ಅದೇ ಹೊಸ ಕೇಂದ್ರ ಸರ್ಕಾರದಿಂದ ಪಿಂಚಣಿನೂ ಬಂತು, 1825ರಲ್ಲಿ ನ್ಯೂಯಾರ್ಕ್ ರಾಜ್ಯದ ಸ್ಪಾರ್ಟಾ ಊರಲ್ಲಿ ತೀರಿಕೊಂಡ.

ಪ್ರಶ್ನೆ: ಹದಿಮೂರೂ ಒಪ್ಪಬೇಕು ಅಂತಿದ್ರೆ ಹೊಸ ಸಂವಿಧಾನಕ್ಕೆ ರೋಡ್ ಐಲೆಂಡ್ ಹೇಗೆ ಒಪ್ಪಿತು?

ಒಳ್ಳೇ ಪ್ರಶ್ನೆ. ಫಿಲಡೆಲ್ಫಿಯಾ ಸಭೆಗೆ ಅದು ಪ್ರತಿನಿಧಿಯನ್ನೇ ಕಳಿಸಿರ್ಲಿಲ್ಲ. ಹಾಗಾಗಿ ಸಭೆಯವರು ಹಳೇ ನಿಯಮವನ್ನ ಪಕ್ಕಕ್ಕಿಟ್ಟು 9 ರಾಜ್ಯ ಒಪ್ಪಿದ್ರೆ ಆ ಒಂಬತ್ತರ ಮಟ್ಟಿಗೆ ಜಾರಿ ಅಂತ ಬರೆದ್ರು. ಹಳೇ ಕರಾರಿನ ಪ್ರಕಾರ ನೋಡಿದ್ರೆ ಅದು ನಿಯಮ ಮುರಿದಿದ್ದೇ, ಆಗಲೂ ಬಹಳ ಜನ ಹಾಗೆ ಆಕ್ಷೇಪ ಮಾಡಿದ್ರು. 1789ರಲ್ಲಿ ವಾಷಿಂಗ್ಟನ್ ಅಧ್ಯಕ್ಷ ಆದಾಗ ರೋಡ್ ಐಲೆಂಡ್ ಇನ್ನೂ ಹೊರಗೇ ಇತ್ತು. 1790ರ ಮೇನಲ್ಲಿ ಅದರ ಜೊತೆ ವ್ಯಾಪಾರನೇ ನಿಲ್ಲಿಸೋ ಮಸೂದೆ ಹೊಸ ಕಾಂಗ್ರೆಸ್ಸಿನ ಮೇಲ್ಮನೆ ಸೆನೆಟ್‌ನಲ್ಲಿ ಪಾಸಾಯ್ತು, ಮೇ 29ಕ್ಕೆ ರೋಡ್ ಐಲೆಂಡ್ ಒಪ್ಪಿತು, 34 ವೋಟು ಪರ, 32 ವಿರುದ್ಧ.